ಯಾಮ್ನಾಳ ಕಬ್ಬಿಣದ ಉಪ್ಪಿನಕಾಯಿ

ನನ್ನ ವಾರಗಿತ್ತಿ ಯಾಮ್ನಾ ತೊಳೆದ ಉಣ್ಣೆಯನ್ನು ಕುರಿಯ ಮುಂದೆ ಹಿಡಿದರೆ ಅದಕ್ಕೂ ಗುರುತು ಸಿಗುವುದಿಲ್ಲ, ಅಷ್ಟು ಬಿಳುಪು. ನಮ್ಮ ಜೆರ್ಬಾ ದ್ವೀಪದ ನೇಕಾರರು ಮದುವೆಯ ಹೊದಿಕೆಗೆ ಉಣ್ಣೆ ತರುತ್ತಿದ್ದುದು ನಮ್ಮ ಅಂಗಳಕ್ಕೇ. ಆದರೆ ತೊಳೆಯುವ ನೀರು ಕಾಯಿಸಲು ಹಂಡೆಯಡಿ ಖರ್ಜೂರದ ಗರಿ ಉರಿಸಿ ಉರಿಸಿ ಅವಳ ಕಣ್ಣು ಕೆಟ್ಟಿತ್ತು. ಇನ್ನೂ ಹೊಗೆ ಕುಡಿದರೆ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟರು. ಸೋಲಾರ್ ಹಾಕಿಸೋಣವೆಂದರೆ ನಮ್ಮ ಬಾವಿಯ ನೀರು ಉಪ್ಪು. ಅಕ್ಕಪಕ್ಕದ ಮಾಳಿಗೆಗಳ ಸೋಲಾರ್ ಟ್ಯಾಂಕುಗಳು ಎರಡನೇ ವರ್ಷಕ್ಕೇ ಕೆಂಪು ನೀರು ಕಾರುತ್ತಿದ್ದವು. ಬಿಳಿ ಉಣ್ಣೆಗೆ ಒಂದು ತುಕ್ಕಿನ ಚುಕ್ಕೆ ಬಿದ್ದರೂ ಯಾಮ್ನಾಳ ಕಸುಬು ಮುಗಿದಂತೆ.

ನೇಕಾರ ಅಮ್ಮಾರ್ ಮುಲಾಜಿಲ್ಲದೆ ಹೇಳಿದ: "ನೋಡಕ್ಕಾ, ಸೋಲಾರ್ ಹಾಕ್ಸು, ಬೇಡ ಅನ್ನಲ್ಲ. ಎರಡು ವರ್ಷ ಕಂದು ಉಣ್ಣೆ ಕೊಡ್ತೀನಿ. ಆಮೇಲೂ ನೀರು ತಿಳಿಯಾಗಿದ್ರೆ ಬಿಳೀದು ತರ್ತೀನಿ."

"ಬಿಳೀದನ್ನ ಈಗಿಂದ್ಲೇ ಕೂಡಿಡು," ಎಂದಳು ಯಾಮ್ನಾ.

ಆವತ್ತಿನಿಂದ ನಮ್ಮ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಅವಳು ಹೂಮ್ತ್ ಸೂಕ್ ಪೇಟೆಯ ಅಂಗಡಿಗಳನ್ನೆಲ್ಲ ಅಲೆದು ತುಂಡು ಪೈಪು, ಮುರಿದ ನಲ್ಲಿ, ಟ್ಯಾಂಕಿನ ತಗಡು ಬೇಡಿ ತಂದಳು. ಯಾವುದಕ್ಕೆ ತುಕ್ಕು ಹಿಡಿಯುವುದಿಲ್ಲ ನೋಡೋಣವೆಂದು ಒಂದೊಂದನ್ನೂ ಒಂದೊಂದು ಗಾಜಿನ ಜಾಡಿಯಲ್ಲಿ ಬಾವಿ ನೀರಿಗೆ ಹಾಕಿ ಬಿಸಿಲಿನಲ್ಲಿ ಸಾಲಾಗಿ ಇಟ್ಟಳು. ಅವು ನನ್ನ ಆಲಿವ್ ಜಾಡಿಗಳು. ಕೇಳಲೂ ಇಲ್ಲ.

"ಏನಕ್ಕಾ, ಕಬ್ಬಿಣದ ಉಪ್ಪಿನಕಾಯಾ? ಊಟಕ್ಕೆ ಬಡಿಸ್ತೀಯಾ?"

"ನಿನ್ನ ಗಂಡಂಗೆ ಮೊದ್ಲು ಬಡಿಸ್ತೀನಿ. ನಿನ್ನ ಅಡುಗೆ ತಿಂದು ತಿಂದು ಅವನ ಹಲ್ಲು ಗಟ್ಟಿಯಾಗಿದೆ."

ಸುಳ್ಳೇಕೆ ಹೇಳಲಿ, ಬೆಳಗಾದರೆ ಜಾಡಿ ನೋಡಲು ಮೊದಲು ಓಡುತ್ತಿದ್ದವಳು ನಾನೇ. ಹೊರಗೆ ಥಳಕು, ಒಳಗೆ ಹುಳುಕು ಅನ್ನುವ ಹಾಗೆ, ಮಿರಮಿರ ಹೊಳೆಯುತ್ತಿದ್ದ ಸ್ಟೀಲಿನ ತಗಡಿಗೆ ಬೆಸುಗೆಯ ಜಾಗದಲ್ಲಿ ಸೂಜಿಮೊನೆಯಷ್ಟು ತೂತು ಬಿತ್ತು. ಎನಾಮೆಲ್ ಲೇಪದ ತಗಡು ಇದ್ದ ಹಾಗೇ ಉಳಿಯಿತು. ತಾಮ್ರ ಕಪ್ಪಾಯಿತೇ ಹೊರತು ಸವೆಯಲಿಲ್ಲ. ಸತುವಿನ ಲೇಪದ ಕಬ್ಬಿಣದ ಪೈಪೂ ಗೆದ್ದಿತು. ತಾಮ್ರ, ಕಬ್ಬಿಣ ಎರಡನ್ನೂ ಕೂಡಿಸಿ ಹಾಕಿಸುವುದೆಂದು ಯಾಮ್ನಾ ತೀರ್ಮಾನಿಸಿಯೂ ಬಿಟ್ಟಳು.

ಅಷ್ಟರಲ್ಲಿ ನಿಂಬೆಕಾಯಿ ಉಪ್ಪಿನಲ್ಲಿ ಹಾಕಲು ನನಗೊಂದು ಜಾಡಿ ಬೇಕಾಯಿತು. ಗೆದ್ದ ತಾಮ್ರ, ಗೆದ್ದ ಕಬ್ಬಿಣ ಎರಡನ್ನೂ ಒಂದೇ ಜಾಡಿಗೆ ಸುರಿದು, ಖಾಲಿಯಾದ ಇನ್ನೊಂದನ್ನು ಎತ್ತಿಕೊಂಡೆ. ಕೆಲವು ವಾರಗಳಲ್ಲಿ ಆ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಕಬ್ಬಿಣ ಪುಡಿಪುಡಿಯಾಗಿ ಬೆರಳಿಗೆ ಹತ್ತಿತು. ತಾಮ್ರಕ್ಕೆ ಏನೂ ಆಗಿರಲಿಲ್ಲ.

ಬೈಗುಳಕ್ಕೆ ಸಿದ್ಧವಾಗಿ ನಿಂತೆ. ಅವಳು ಜಾಡಿಯನ್ನು ಕಣ್ಣಿನ ಹತ್ತಿರ ಹಿಡಿದು ನಗತೊಡಗಿದಳು. "ಒಬ್ಬೊಬ್ರೇ ಇದ್ದಾಗ ಬಂಗಾರ. ಒಂದೇ ಮನೇಲಿಟ್ರೆ ಒಬ್ಬಳು ಇನ್ನೊಬ್ಬಳನ್ನ ತಿಂತಾಳೆ. ನಾವಿಬ್ರೂ ಹೀಗೇ ಅಲ್ವೇನೆ?"

"ಇದ್ರಲ್ಲಿ ತಾಮ್ರ ಯಾರು?"

"ಕೇಳೋದೇನಿದೆ, ತಿಂದು ದಪ್ಪ ಆಗಿರೋಳು ನೀನು."

ಪ್ಲಂಬರ್ ಸ್ಲೀಮ್ ಬಂದು ಜಾಡಿ ನೋಡಿ ತಲೆದೂಗಿದ. "ಹೌದು ದೊಡ್ಡಮ್ಮ, ಉಪ್ಪುನೀರಲ್ಲಿ ಇವೆರಡೂ ಮೈ ತಾಗಬಾರ್ದು. ಕಬ್ಬಿಣ ಬಿಟ್ಬಿಡಿ, ಪೂರ್ತಿ ತಾಮ್ರದ ಪೈಪೇ ಇರ್ಲಿ. ಎನಾಮೆಲ್ ಕೆಳಗೂ ಕಬ್ಬಿಣವೇ, ಅದಕ್ಕೆ ಟ್ಯಾಂಕಿಗೆ ಸೇರೋ ಕಡೆ ನಡುವೆ ಪ್ಲಾಸ್ಟಿಕ್ ಇಡ್ತೀನಿ." ಎನಾಮೆಲ್ ಟ್ಯಾಂಕಿನೊಳಗೆ ಮೆಗ್ನೀಷಿಯಂ ಸರಳೊಂದನ್ನೂ ಇಳಿಸಿದ. ಉಪ್ಪು ಮೊದಲು ಅದನ್ನು ತಿಂದು ಟ್ಯಾಂಕನ್ನು ಬಿಡಲಿ ಎಂದು. ಅದನ್ನು ವರ್ಷಕ್ಕೊಮ್ಮೆ ಬದಲಿಸುವುದನ್ನು ಯಾಮ್ನಾ ಮರೆಯಲಿಲ್ಲ.

ಕಂದು ಉಣ್ಣೆಯಲ್ಲೇ ಎರಡು ವರ್ಷ ಕಳೆಯಿತು. ಆಮೇಲೊಂದು ಬೆಳಿಗ್ಗೆ ಅಮ್ಮಾರ್ ತನ್ನ ಮಗಳ ಮದುವೆಯ ಹೊದಿಕೆಗೆಂದು ಬಿಳಿ ಉಣ್ಣೆಯ ಮೂಟೆ ಇಳಿಸಿದ. ಒಂದೇ ಹಿಡಿ ತೆಗೆದುಕೊಟ್ಟು ಮೂಟೆಯ ಮೇಲೆ ಕೈಯಿಟ್ಟು ಕೂತ.

ನಾನು ನಲ್ಲಿ ತಿರುಗಿಸಿದೆ. ಆವಿಯೇಳುವ ನೀರು ಉಣ್ಣೆಯ ಮೇಲೆ ಬಿತ್ತು. ಯಾಮ್ನಾಳ ಕಣ್ಣಿಗೆ ಸಣ್ಣ ಚುಕ್ಕೆ ಕಾಣುವುದಿಲ್ಲ. "ನೋಡೇ, ಕೆಂಪು ಇದೆಯಾ?" ಎಂದಳು.

ಹಿಂಡಿ, ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿದೆ. "ಇಲ್ಲ ಕಣಕ್ಕಾ. ಹಾಲಿನ ಹಾಗಿದೆ."

ಅಮ್ಮಾರ್ ತಾನೂ ನೋಡಿದ, ಮೂಟೆಯ ಹಗ್ಗ ಬಿಚ್ಚಿದ. ಯಾಮ್ನಾ ಗೋಡೆಯ ಕಡೆ ತಿರುಗಿಕೊಂಡಳು.

"ಅಳ್ತಿದ್ದೀಯೇನಕ್ಕಾ?"

"ಹೊಗೆ ಕಣೆ," ಎಂದಳು. ನಮ್ಮ ಅಂಗಳದಲ್ಲಿ ಒಲೆ ಹೊತ್ತಿಸಿ ಎರಡು ವರ್ಷವಾಗಿತ್ತು.