ಈಜುಕೊಳದಲ್ಲಿ ಹೆಂಗಸರ ಹೊತ್ತು

ನನಗೆ ಈಜು ಬರುತ್ತಿರಲಿಲ್ಲ. ಈಜುಕೊಳದ ಮೇಲ್ವಿಚಾರಕನಾಗಿ ಕೆಲಸಕ್ಕೆ ಸೇರಿದವನು ನಾನು, ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನ ತಪ್ಪುಗಳೆಲ್ಲ ಇದರ ಬೆನ್ನಿಗೇ ಬಂದವು.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ಬ್ಲಾಕುಗಳು ಮುಗಿದು ಬಸವೇಶ್ವರನಗರದ ಕಡೆಯ ಹೊಸ ಬಡಾವಣೆ ಶುರುವಾಗುವ ಅಂಚಿನಲ್ಲಿ ಒಂದು ಹಳೆಯ ತೋಟವಿತ್ತು. ಗಿಡಮರಗಳೆಲ್ಲ ಹೋಗಿ ಅದರ ದೊಡ್ಡ ಬಾವಿ ಮಾತ್ರ ಉಳಿದಿತ್ತು. ಜಾಗ ಸರ್ಕಾರದ ಒಂದು ಇಲಾಖೆಯ ಕೈಗೆ ಬಂದಾಗ, ಅಲ್ಲಿ ಜನರಿಗೆ ಒಂದು ವಿಹಾರದ ತಾಣ ಮಾಡಬೇಕೆಂದು ಯಾರಿಗೋ ತೋಚಿತು. ಇಲಾಖೆಯ ಹತ್ತಿರ ಜಾಗವಿತ್ತು, ಬಾವಿಯಿತ್ತು, ದುಡ್ಡಿರಲಿಲ್ಲ. ನಮ್ಮ ವರ್ತಕರ ಸಂಘದ ಹತ್ತಿರ ದುಡ್ಡಿತ್ತು, ಹೆಸರು ಮಾಡುವ ಆಸೆಯೂ ಇತ್ತು. ಇಬ್ಬರೂ ಕೂತು ಒಪ್ಪಂದ ಮಾಡಿಕೊಂಡರು. ಜಾಗ, ನೀರು, ಪಂಪಿನ ಕರೆಂಟು ಇಲಾಖೆಯದು. ಕೊಳ ಕಟ್ಟಿಸುವುದು, ಬಟ್ಟೆ ಬದಲಿಸುವ ಕೋಣೆಗಳು, ಸುತ್ತ ಹೂವಿನ ಗಿಡ, ಒಂದು ಕಾಫಿ ಕ್ಯಾಂಟೀನು ಸಂಘದ್ದು. ಟಿಕೆಟ್ಟಿನ ಹಣ ಸಂಘಕ್ಕೆ. ಕೆಲವು ವರ್ಷಗಳಾದ ಮೇಲೆ ಎಲ್ಲವೂ ಇಲಾಖೆಗೆ. ಈಗ ಇಂಥ ಏರ್ಪಾಟಿಗೆ ದೊಡ್ಡ ದೊಡ್ಡ ಹೆಸರುಗಳಿವೆ. ಆಗ ನಮಗೆ ಅದು ಇಬ್ಬರು ಸೇರಿ ಒಂದು ಎಮ್ಮೆ ಕೊಂಡ ಹಾಗಿತ್ತು, ಅಷ್ಟೆ.

ಇಲಾಖೆಯವರು ಒಂದು ಷರತ್ತು ಹಾಕಿದ್ದರು. ದಿನಾ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಕೊಳ ಹೆಂಗಸರಿಗೆ ಮಾತ್ರ, ಅದೂ ಟಿಕೆಟ್ಟಿಲ್ಲದೆ. ಆ ಹೊತ್ತಿನಲ್ಲಿ ಒಬ್ಬ ಆಯಾ ಇರಬೇಕು. ಆಯಾಳ ಸಂಬಳ ಯಾರು ಕೊಡಬೇಕು ಅನ್ನುವುದನ್ನು ಮಾತ್ರ ಯಾರೂ ಆಡಲಿಲ್ಲ. ಸಂಘ ಕೊಡುತ್ತದೆಂದು ಇಲಾಖೆ ಅಂದುಕೊಂಡಿತು, ಇಲಾಖೆ ಕೊಡುತ್ತದೆಂದು ಸಂಘ ಅಂದುಕೊಂಡಿತು. ಆಯಾ ಬರಲೇ ಇಲ್ಲ.

ನನ್ನನ್ನು ತೆಗೆದುಕೊಂಡದ್ದೂ ಹೀಗೆಯೇ. ಎಸ್ಸೆಸ್ಸೆಲ್ಸಿ ಮುಗಿಸಿ ಕಬ್ಬಿಣದ ಸಾಮಾನಿನ ಅಂಗಡಿಯೊಂದರಲ್ಲಿ ಮೊಳೆ ತೂಗುತ್ತಿದ್ದೆ. ಅಂಗಡಿಯ ಯಜಮಾನರೇ ಸಂಘದ ಕಾರ್ಯದರ್ಶಿ.

“ಈಜು ಬರುತ್ತೇನಯ್ಯಾ?” ಅಂದರು.

“ಬರುತ್ತೆ ಸಾರ್.”

“ನೋಡು ಮತ್ತೆ, ಇಲಾಖೆಯೋರು ಪರೀಕ್ಷೆ ಮಾಡ್ತಾರೆ.”

ಇಲಾಖೆಯ ಎಂಜಿನಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸಂಘದೋರು ಪರೀಕ್ಷೆ ಮಾಡೇ ಕಳಿಸಿರ್ತಾರೆ ಬಿಡಿ” ಅಂದರು. ಹೀಗೆ ಪಾದ ಕೂಡ ಒದ್ದೆಯಾಗದೆ ನಾನು ಕೊಳದ ಮೇಲ್ವಿಚಾರಕನಾದೆ.

ಬೆಳಗ್ಗೆ ಮತ್ತು ಸಂಜೆ ಗರಡಿಯ ಉಸ್ತಾದರೊಬ್ಬರು ಬಂದು ಈಜು ಕಲಿಸುತ್ತಿದ್ದರು. ಯಾರಾದರೂ ಮುಳುಗಿದರೆ ಎತ್ತಲು ಅವರಿದ್ದರು. ನನ್ನ ಕೆಲಸ ಟಿಕೆಟ್ಟು, ಪಂಪು, ಬೀಗದ ಕೈ. ಆದರೂ ಭಯ ಬಿಡಲಿಲ್ಲ. ಎಂದಾದರೂ ಒಂದು ದಿನ ಯಾರಾದರೂ “ಎಲ್ಲಿ, ಒಂದು ಡೈವ್ ಹೊಡಿ ನೋಡೋಣ” ಅಂದರೆ? ಕಲಿಯಲೇಬೇಕಿತ್ತು, ಯಾರೂ ನೋಡದ ಹಾಗೆ ಕಲಿಯಬೇಕಿತ್ತು. ದಿನದಲ್ಲಿ ಕೊಳ ಖಾಲಿಯಿರುತ್ತಿದ್ದುದು ಮೂರರಿಂದ ನಾಲ್ಕರವರೆಗೆ ಮಾತ್ರ. ಹೊಸದರಲ್ಲಿ ಹೆಂಗಸರು ಯಾರೂ ಬರುತ್ತಿರಲಿಲ್ಲ. ನಾನು ಗೇಟಿಗೆ ಅಗುಳಿ ಹಾಕಿ, ಬೆನ್ನಿಗೆ ಒಂದು ಖಾಲಿ ಎಣ್ಣೆ ಡಬ್ಬ ಕಟ್ಟಿಕೊಂಡು, ಸೊಂಟದುದ್ದದ ನೀರಿನಲ್ಲಿ ಕಂಬಿ ಹಿಡಿದು ಕಾಲು ಬಡಿಯುತ್ತಿದ್ದೆ.

ಆಮೇಲೆ ಸುದ್ದಿ ಹರಡಿತು. ಒಬ್ಬೊಬ್ಬರಾಗಿ ಹೆಂಗಸರು ಬಂದು ಗೇಟು ತಟ್ಟತೊಡಗಿದರು.

ನಾನು ಅವರನ್ನು ವಾಪಸು ಕಳಿಸಿದೆ. ಒದ್ದೆ ಮೈಮೇಲೆ ಅಂಗಿ ಏರಿಸಿಕೊಂಡು ಗೇಟನ್ನು ಸ್ವಲ್ಪವೇ ತೆರೆದು, “ಇಲಾಖೆಯೋರು ನೀರು ಬದಲಾಯಿಸ್ತಾ ಇದಾರಮ್ಮ” ಅನ್ನುತ್ತಿದ್ದೆ. ಇನ್ನೊಂದು ದಿನ, “ಸಂಘದೋರು ಬಣ್ಣ ಹೊಡಿಸ್ತಾ ಇದಾರೆ.” ಇಬ್ಬರು ಯಜಮಾನರಿದ್ದ ಕಡೆ ಸುಳ್ಳು ಹೇಳುವುದು ಬಹಳ ಸಲೀಸು. ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರನ್ನು ಯಾರೂ ಕೇಳುವುದಿಲ್ಲ.

ಬಂದವರಲ್ಲಿ ಅಕ್ಕತಂಗಿಯರಿಬ್ಬರು ಇದ್ದರು, ಎರಡು ಬೀದಿ ಆಚೆಯ ಮನೆಯವರು. ಅಕ್ಕನ ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರಲ್ಲಿ ಟವಲು, ಹಳೆಯ ಲಂಗ. ಅವರು ಮತ್ತೆ ಮತ್ತೆ ಬಂದರು. “ನಾಳೆ ಬಂದ್ರೆ ಬಿಡ್ತೀರಾ ಅಣ್ಣಾ?” ಅಂತ ಅಕ್ಕ ಕೇಳುತ್ತಿದ್ದಳು. “ನಾಳೆ ನೋಡೋಣ” ಅನ್ನುತ್ತಿದ್ದೆ. ಒಂದು ದಿನ ಅವಳು ನಾಳೆಯ ಮಾತೆತ್ತದೆ ಹೋದಳು. ಮತ್ತೆ ಬರಲಿಲ್ಲ. ನನಗೆ ಹಾಯೆನಿಸಿತು. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಕಾರ್ಯದರ್ಶಿಗಳು ಆಗಾಗ ಕೇಳುತ್ತಿದ್ದರು: “ಹೆಂಗಸರು ಬರ್ತಾರೇನಯ್ಯಾ?”

“ಯಾರೂ ಬರಲ್ಲ ಸಾರ್.”

ಅವರಿಗೆ ಬೇಕಿದ್ದ ಉತ್ತರವೂ ಅದೇ. ಒಪ್ಪಂದವನ್ನು ವರ್ಷ ವರ್ಷ ನವೀಕರಿಸಬೇಕಿತ್ತು, ಆ ಕಾಲ ಹತ್ತಿರ ಬಂದಿತ್ತು. ಆ ಬಿಟ್ಟಿ ಗಂಟೆಯನ್ನು ತೆಗೆಸಿ, ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಶಿಫ್ಟ್ ಮುಗಿಸಿ ಬರುವ ಹುಡುಗರಿಗೆ ಟಿಕೆಟ್ಟು ಮಾರಬೇಕೆಂದು ಅವರ ಯೋಚನೆ. ಎಂಜಿನಿಯರು, “ಒಂದು ಶನಿವಾರ ಇಬ್ಬರೂ ಹೋಗಿ ಕಣ್ಣಾರೆ ನೋಡೋಣ. ಯಾರೂ ಇಲ್ದಿದ್ರೆ ತೆಗೆದು ಹಾಕೋಣ” ಅಂದಿದ್ದರಂತೆ.

ಆ ಶನಿವಾರಕ್ಕೆ ಇನ್ನು ಕೆಲವೇ ದಿನಗಳಿದ್ದಾಗ ನಾನು ಸಿಕ್ಕಿಬಿದ್ದೆ. ಎಂದಿನಂತೆ ಕಂಬಿ ಹಿಡಿದು ಕಾಲು ಬಡಿಯುತ್ತಿದ್ದೆ. ನಾನು ಅಗುಳಿ ಹಾಕಲು ಮರೆತಿದ್ದ ಪಂಪ್ ಮನೆಯ ಪಕ್ಕದ ಬಾಗಿಲಿನಿಂದ ಒಬ್ಬರು ಹೆಂಗಸು ಬಂದು ದಡದ ಮೇಲೆ ನಿಂತರು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಬೆಳಗಿನ ಪಾಳಿಯ ಟೀಚರು, ಬಾಗಲಕೋಟೆ ಕಡೆಯವರು, ಗಂಡನಿಗೆ ವರ್ಗವಾಗಿ ಈ ಊರಿಗೆ ಬಂದವರು. ಅವರನ್ನೂ ನಾನು ಹಲವು ಸಲ ಗೇಟಿನಿಂದ ಕಳಿಸಿದ್ದೆ. ನನ್ನ ಬೆನ್ನಿನ ಡಬ್ಬ ನೋಡಿ ಅವರು ಮೊದಲು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಂತರ ಬೆನ್ನು ತಿರುಗಿಸಿ ನಿಂತರು.

“ಮ್ಯಾಲ ಬಾ ತಮ್ಮಾ. ಮೊದಲ ಅರಿವಿ ಹಾಕ್ಕೋ.”

ಬಟ್ಟೆ ಹಾಕಿಕೊಂಡು ತಲೆ ತಗ್ಗಿಸಿ ಎದುರಿಗೆ ನಿಂತೆ.

“ಇಲಾಖೆಗೆ ಹೋಗಿದ್ದೆ, ನಾವು ಮುಚ್ಚಿಲ್ಲ ಅಂದ್ರು. ಸಂಘಕ್ಕ ಹೋಗಿದ್ದೆ, ನಾವೂ ಮುಚ್ಚಿಲ್ಲ ಅಂದ್ರು. ಹಂಗಾದ್ರ ಮುಚ್ಚಿದವರು ಯಾರು ಅಂತ ನೋಡಾಕ ಬಂದೆ.” ಮತ್ತೆ ಅಂದರು: “ಹೆಂಗಸರು ಯಾರೂ ಬರೂದಿಲ್ಲಂತ ಅಲ್ಲಿ ನೀನ ಹೇಳಿದ್ಯಂತ. ಹಂಗಾದ್ರ ನಾ ಯಾರು?”

ನಾನು ಎಲ್ಲವನ್ನೂ ಹೇಳಿಬಿಟ್ಟೆ. ಈಜು ಬಾರದ್ದು, ಕೆಲಸಕ್ಕಾಗಿ ಹೇಳಿದ ಸುಳ್ಳು, ಮೊಳೆ ತೂಗಲು ವಾಪಸು ಹೋಗಲಾರೆ ಅನ್ನುವುದು.

“ನಮ್ಮೂರ ಮುಂದ ಹೊಳಿ ಐತಿ” ಅಂದರು ಅವರು. “ಲಗ್ನ ಆಗೂತನಕ ದಿನಾ ಈಸತಿದ್ದೆ. ಈ ಊರಿಗೆ ಬಂದ ಮ್ಯಾಲ ಕೊಡದಾಗಿನ ನೀರು, ಬಕೀಟಿನಾಗಿನ ನೀರು, ಅಷ್ಟ. ಒಂದು ತಾಸು ಸಿಕ್ಕಿತ್ತು. ಅದನ್ನೂ ನೀ ತಗೊಂಡಿ.”

ಬಿಚ್ಚಿಟ್ಟಿದ್ದ ಡಬ್ಬವನ್ನು ನಾನು ಕಾಲಿನಿಂದ ಹಿಂದಕ್ಕೆ ಸರಿಸಿದೆ.

“ಶನಿವಾರ ಅವರು ನೋಡಾಕ ಬರ್ತಾರಂತ. ಕೊಳ ಖಾಲಿ ಇದ್ರ ಆ ತಾಸು ಹೋತು. ನಾ ಯಾರ ಮುಂದೂ ಹೇಳೂದಿಲ್ಲ. ಆದ್ರ ನೀ ಯಾರ‍್ಯಾರನ್ನ ಹೊಳ್ಳಿ ಕಳಿಸಿದಿ, ಅವರ ಮನಿಗೆಲ್ಲ ಹೋಗಿ ಕರಿ. ನೀರು ಬದಲಾಸಿದ್ರು ಅಂತಲ್ಲ ಮತ್ತ. ನಾ ಸುಳ್ಳ ಹೇಳಿದ್ದೆ ಅಂತ ಹೇಳಿ ಕರಿ.”

ಮರುದಿನ ಬೆಳಗ್ಗೆ ಉಸ್ತಾದರ ಹತ್ತಿರ ಮೊದಲು ಒಪ್ಪಿಕೊಂಡೆ. “ಕ್ಯಾ ರೇ, ಇಷ್ಟು ದಿನ ಬಾಯಿ ಮುಚ್ಕೊಂಡು ಕೂತಿದ್ಯಾ?” ಅಂತ ಅವರು ನನ್ನನ್ನು ಎತ್ತಿ ಎಳೆಯ ಹುಡುಗರ ಸಾಲಿನಲ್ಲೇ ನೀರಿಗೆ ಹಾಕಿದರು. ಹುಡುಗರು ಕೇಕೆ ಹಾಕಿದರು. ನಾನು ಹೆದರಿದ್ದಷ್ಟು ಅವಮಾನವೇನೂ ಆಗಲಿಲ್ಲ. ಕೆಲವು ವಾರಗಳಲ್ಲಿ ಈಜು ಬಂತು.

ಮನೆಗಳಿಗೆ ಹೋಗುವುದು ಅಷ್ಟು ಸುಲಭವಿರಲಿಲ್ಲ. ಮುಖ ಗುರುತಿದ್ದವರ ಬಾಗಿಲಿಗೆಲ್ಲ ಹೋದೆ. ಒಬ್ಬ ಆಂಟಿ ಅಕ್ಕಿ ಆರಿಸುತ್ತಾ ಜಗಲಿಯ ಮೇಲೆ ಕೂತಿದ್ದರು. ನನ್ನ ಮಾತು ಕೇಳಿ ಮೊರ ಕೆಳಗಿಟ್ಟರು.

“ಈಜಕ್ಕೆ ಬರದೋನು ಈಜುಕೊಳ ಕಾಯ್ತೀಯಾ? ನಮ್ಮೆಜಮಾನ್ರು ಹೋಟೆಲಲ್ಲಿ ಅಡಿಗೆ ಕೆಲಸಕ್ಕೆ ಸೇರ್ದಂಗಾಯ್ತು!”

“ನನ್ನ ಯಾಕೆ ಎಳೀತೀಯೇ?” ಅಂತ ಒಳಗಿನಿಂದ ಪೇಪರಿನ ಹಿಂದಿನ ದನಿ ಬಂತು.

“ಬರ್ತೀನಿ ಹೋಗಪ್ಪಾ. ನೀನು ಆ ಡಬ್ಬ ಕಟ್ಕೊಂಡಿರೋದನ್ನ ನೋಡೋಕಾದ್ರೂ ಬರ್ತೀನಿ.”

ಹೀಗೆ ಬೈಸಿಕೊಂಡು, ನಗಿಸಿ, ಬೀದಿ ಬೀದಿ ಸುತ್ತಿದೆ. ಕೊನೆಗೆ ಅಕ್ಕತಂಗಿಯರ ಮನೆ. ತಾಯಿ ಬಾಗಿಲು ತೆರೆದರು. ನಾನು ಬಂದ ಕಾರಣದ ಮೊದಲ ಮಾತು ಆಡುವುದರೊಳಗೆ ಅವರೇ ಅಂದರು: “ಅಯ್ಯೋ, ದೊಡ್ಡೋಳಿಗೆ ಮದುವೆ ಆಗೋಯ್ತಪ್ಪ. ದಾವಣಗೆರೆಗೆ ಕೊಟ್ವಿ. ಗಂಡಿನೋರು ನೋಡೋಕೆ ಬರೋ ಮುಂಚೆ ಒಂದು ನಾಕು ದಿನ ನೀರಲ್ಲಿ ಆಡ್ಕೊಂಡು ಬರ್ತೀನಮ್ಮ ಅಂತಿದ್ಲು. ಆಗ್ಲೇ ಇಲ್ಲ, ಏನೋ ರಿಪೇರಿ ಅಂತೆ.”

ಬೇರೆ ಎಲ್ಲ ಬಾಗಿಲಲ್ಲೂ ಹೇಳಿದ ನಿಜ ಇಲ್ಲಿ ನನ್ನ ಬಾಯಿಂದ ಹೊರಡಲಿಲ್ಲ. “ರಿಪೇರಿ ಮುಗೀತಮ್ಮ, ಅದನ್ನೇ ಹೇಳೋಕೆ ಬಂದೆ” ಅಂದುಬಿಟ್ಟೆ.

“ನೋಡು, ನೀನಾದ್ರೂ ನೆನಪಿಟ್ಕೊಂಡು ಬಂದ್ಯಲ್ಲ” ಅಂತ ಅವರು ನನ್ನನ್ನು ಕೂರಿಸಿ ಕಾಫಿ ಕೊಟ್ಟರು. ಕುಡಿದೆ. ಬಿಸಿಯಾಗಿ, ಚೆನ್ನಾಗಿಯೇ ಇತ್ತು.

ಶನಿವಾರ ಮೂರು ಗಂಟೆಗೆ ಹೆಂಗಸರು ಬಂದರು. ನಾನು ಎಣಿಸಿದ್ದಕ್ಕಿಂತ ಹೆಚ್ಚು ಜನ. ಅಕ್ಕಪಕ್ಕದವರನ್ನೂ ಎಳೆದುಕೊಂಡು ಬಂದಿದ್ದರು. ವಿಜಯನಗರದಿಂದ ಬಸ್ಸಿನಲ್ಲಿ ಬಂದವರೂ ಇದ್ದರು. ತಂಗಿಯನ್ನು ಕರೆದುಕೊಂಡು ತಾಯಿಯೂ ಬಂದರು. ಟೀಚರು ಸೀರೆಗೆ ಕಚ್ಚೆ ಹಾಕಿಕೊಂಡು ಮೊದಲು ಇಳಿದಿರಬೇಕು, ಧುಮುಕಿದ ಸದ್ದು ಕೇಳಿತು. ನಾನು ಗೇಟಿನ ಹೊರಗೆ ಕುರ್ಚಿ ಹಾಕಿ ಕೂತಿದ್ದೆ.

ಸ್ವಲ್ಪ ಹೊತ್ತಿಗೆ ಕಾರ್ಯದರ್ಶಿಗಳೂ ಎಂಜಿನಿಯರೂ ಒಂದೇ ಸ್ಕೂಟರಿನಲ್ಲಿ ಬಂದರು.

“ತೆಗಿಯಯ್ಯಾ ಗೇಟು.”

“ಆಗಲ್ಲ ಸಾರ್. ಒಳಗೆ ಹೆಂಗಸರಿದಾರೆ.”

“ಇದಾರೋ ಇಲ್ವೋ ನೋಡೋಕೇ ಅಲ್ವೇನೋ ನಾವು ಬಂದಿರೋದು!”

“ಇದಾರೆ ಸಾರ್. ಅದಕ್ಕೇ ಬಿಡೋಕಾಗಲ್ಲ.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಜಾಗದ ಯಜಮಾನರೂ ದುಡ್ಡಿನ ಯಜಮಾನರೂ ಬಿಸಿಲಿನಲ್ಲಿ ಗೋಡೆಯ ಹೊರಗೆ ನಿಂತರು. ಒಳಗಿನಿಂದ ನೀರು ಬಡಿಯುವ ಸದ್ದು, ನಗು, “ಅಯ್ಯೋ ಕಾಲು ಬಿಡೇ, ಮುಳುಗ್ತೀನಿ ಕಣೇ!” ಅನ್ನುವ ಕೂಗು. ಕಾರ್ಯದರ್ಶಿಗಳಿಗೆ ಇನ್ನೂ ನಂಬಿಕೆಯಿಲ್ಲ. “ನಾಕೇ ಜನ ಸೇರಿ ಗಲಾಟೆ ಮಾಡ್ತಿರಬಹುದು” ಅಂದರು. ಎಂಜಿನಿಯರು ಗೇಟಿನ ಪಕ್ಕ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳ ಕಡೆ ಕೈ ತೋರಿಸಿದರು.

“ಇವೆಲ್ಲ ನೀವೇ ತಂದಿಟ್ಟಿದ್ದಾ ಸ್ವಾಮೀ?”

ಕಾರ್ಯದರ್ಶಿಗಳು ನಕ್ಕುಬಿಟ್ಟರು. ಒಳ್ಳೆಯ ಮನುಷ್ಯರು, ಲೆಕ್ಕ ತಪ್ಪಿದರೆ ಒಪ್ಪಿಕೊಳ್ಳುತ್ತಿದ್ದರು. ನನ್ನ ಕಡೆ ತಿರುಗಿ, “ಯಾರೂ ಬರಲ್ಲ ಅಂತಿದ್ಯಲ್ಲೋ?” ಅಂದರು.

“ಈಗ ಬರ್ತಿದಾರೆ ಸಾರ್.”

ಅಷ್ಟರಲ್ಲಿ ಆ ತಾಯಿ ಮಗಳ ತಲೆ ಒರೆಸುತ್ತಾ ಹೊರಗೆ ಬಂದು, “ಈ ಹುಡುಗನೇ ಮನೆ ಮನೆಗೂ ಬಂದು ಕರೆದ ಸಾರ್, ಇಲ್ದಿದ್ರೆ ನಮಗೆಲ್ಲಿ ಗೊತ್ತಾಗ್ತಿತ್ತು?” ಅಂದರು. ಕಾರ್ಯದರ್ಶಿಗಳು ನನ್ನ ಬೆನ್ನು ತಟ್ಟಿದರು. “ಭೇಷ್ ಕಣಯ್ಯಾ!” ಹಿಂದೆಯೇ ಬಂದ ಟೀಚರು ಅದನ್ನು ಕೇಳಿಸಿಕೊಂಡು, “ಹೌದ್ರಿ, ಭಾಳ ಓಡಾಡ್ಯಾನ” ಅಂದು, ಒದ್ದೆ ಸೀರೆ ಹಿಂಡಿಕೊಳ್ಳುತ್ತಾ ನನ್ನನ್ನೇ ನೋಡಿದರು. ನಾನು ಆ ಇಬ್ಬರು ದೊಡ್ಡವರಿಗೆ ಕೊನೆಯವರೆಗೂ ನಿಜ ಹೇಳಲಿಲ್ಲ. ಹೊಸ ಒಪ್ಪಂದದಲ್ಲಿ ಹೆಂಗಸರ ಗಂಟೆ ಉಳಿಯಿತು. ಆಯಾಳ ಸಂಬಳವನ್ನು ಇಬ್ಬರೂ ಅರ್ಧರ್ಧ ಕೊಡುವುದೆಂದಾಯಿತು. ನಾನು ಕಾರಣವಾಗಿದ್ದ ಹಾನಿಗೆ ನನಗೇ ಶಹಬಾಸ್ ಸಿಕ್ಕಿತು.

ಗೌರಿ ಹಬ್ಬಕ್ಕೆ ಅಕ್ಕ ತವರಿಗೆ ಬಂದಳು. ಅದೇ ಮಧ್ಯಾಹ್ನ ತಂಗಿಯ ಜೊತೆ ಗೇಟಿನ ಹತ್ತಿರ ಕಾಣಿಸಿಕೊಂಡಳು. ತಾಯಿಗೆ ಹೇಳದ್ದನ್ನು ಅವಳಿಗೆ ಹೇಳಲೇಬೇಕೆಂದು ಎದ್ದು ನಿಂತೆ.

“ಆಗ ರಿಪೇರಿ ಏನೂ ಇರಲಿಲ್ಲಮ್ಮ. ನಾನೇ ಒಳಗೆ ಈಜು ಕಲೀತಿದ್ದೆ. ನಿಮಗೆ ಸುಳ್ಳು ಹೇಳ್ದೆ.”

“ಗೊತ್ತು” ಅಂದಳು.

“ಗೊತ್ತಾ?”

“ನಿಮ್ಮ ತಲೆಕೂದಲಿಂದ ನೀರು ಸುರೀತಿತ್ತಲ್ಲ ಅಣ್ಣಾ, ದಿನಾ.”

“ಮತ್ತೆ ಯಾಕಮ್ಮ ಕೇಳಲಿಲ್ಲ?”

“ಜಗಳ ಆಡಿದ್ರೆ ನಾಳೆನೂ ಬಿಡಲ್ವೇನೋ ಅಂತ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಚಪ್ಪಲಿ ಬಿಟ್ಟು, ಹೊಸ ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡು ಒಳಗೆ ಹೋದಳು.

ನಾಲ್ಕು ಹೊಡೆಯಿತು. ಟಿಕೆಟ್ಟಿಗೆ ಬಂದ ಹುಡುಗರು ಟವಲು ಹೆಗಲಿಗೆ ಹಾಕಿಕೊಂಡು ನೆರೆದರು. ಒಳಗೆ ಟೀಚರು ಅವಳಿಗೆ ಕೈಕಾಲು ಹೇಗೆ ಆಡಿಸಬೇಕೆಂದು ಗಟ್ಟಿಯಾಗಿ ಹೇಳಿಕೊಡುತ್ತಿದ್ದರು.

“ಏನ್ ಗುರೂ, ಟೈಮ್ ಆಯ್ತಲ್ಲ?” ಅಂದ ಒಬ್ಬ.

“ಇನ್ನೂ ಹೆಂಗಸರ ಹೊತ್ತು” ಅಂದೆ. “ಕಾಯಿರಿ.”

ಗೊಣಗಿಕೊಂಡು, ಗೋಡೆಯ ನೆರಳಿನಲ್ಲಿ ಕೂತು, ಅವರು ಕಾದರು.