ಅನಂತಮತಿಯ ಅನುಮತಿ ಪಟ್ಟಿ

ಮೂಡುಬಿದಿರೆಯ ಒಂದು ಆಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುವ ಅನಂತಮತಿಗೆ ಯಾರಿಗಾದರೂ ಅನುಮತಿ ಕೊಡುವುದೆಂದರೆ ಮಗಳನ್ನು ಧಾರೆ ಎರೆದು ಕೊಟ್ಟಷ್ಟು ಕಷ್ಟ. ಭದ್ರತೆಯ ತಂತ್ರಾಂಶ ಹೊಸತಾದಾಗ, ಯಾವ ಪುಟ ಯಾರಿಗೆ ತೆರೆಯಬೇಕೆಂಬ ಹಳೆಯ ನಿಯಮಗಳನ್ನು ಅದಕ್ಕೆ ಸಾಗಿಸುವ ಕೆಲಸ ಅವಳದಾಯಿತು. ಒಂದೊಂದು ಸಾಲಿಗೂ ನಿಂತು, "ಇದು ಯಾರಿಗೆ? ಯಾಕೆ?" ಎಂದು ಡಾಕ್ಟರನ್ನೂ ಬಿಡದೆ ಕೇಳುತ್ತಾಳೆ, ಉತ್ತರ ಸಿಗದ ಪುಟಕ್ಕೆ ಅಗುಳಿ ಬೀಳುತ್ತದೆ. "ಹಳೆಯದ್ದನ್ನೇ ಹಾಗೇ ಹಾಕುವ ಮಾರಾಯ್ತಿ, ಇದೇನು ನಿನ್ನ ಅಜ್ಜನ ಬಸದಿಯಾ?" ಎಂದು ಜೊತೆಗಾರ ಶೋಧನ್ ಗೊಣಗುತ್ತಾನೆ. "ಬಸದಿಗಾದರೆ ಎಲ್ಲರೂ ಬರ್ಲಿ. ಇಲ್ಲಿಗೆ ಬೇಡ." ಹಳೆಯ ನಿಯಮದಲ್ಲಿ ರಕ್ತಪರೀಕ್ಷೆಯ ಪುಟ ಎಲ್ಲರಿಗೂ ತೆರೆದಿತ್ತು, ಅವಳ ತಂಗಿಯ ಕಾಯಿಲೆ ತಂಗಿಗಿಂತ ಮೊದಲೇ ಸಿದ್ಧಕಟ್ಟೆಯ ಗಂಡನ ಮನೆಗೆ ಗೊತ್ತಾಗಿತ್ತು. ಆ ಪುಟ ನೋಡಬಹುದಾದವರ ಹೊಸ ಪಟ್ಟಿಯಲ್ಲಿ ಅನಂತಮತಿ ತನ್ನ ಹೆಸರನ್ನೂ ಬರೆಯಲಿಲ್ಲ.