ಟಾರ್ನೀಟ್‌ನಲ್ಲಿ ಕಾಫಿ ಬಂದ್

ಅಮೆರಿಕದಲ್ಲಿ ನನಗೆ ಓಟಿಲ್ಲ, ಭಾವನಿಗೂ ಇಲ್ಲ. ಆದರೂ ಅಲ್ಲಿನ ಎರಡು ಪಕ್ಷಗಳನ್ನು ನಾವಿಬ್ಬರೂ ಹಂಚಿಕೊಂಡುಬಿಟ್ಟಿದ್ದೆವು. ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಅಮೆರಿಕದ ಕ್ಲೈಂಟ್‌ಗಳ ಮಾತು ಕೇಳಿ ಕೇಳಿ ನಾನೊಂದು ಪಕ್ಷ ಹಿಡಿದೆ. ಮೆಲ್ಬರ್ನಿನಲ್ಲಿರುವ ಭಾವ ರೈಲಿನಲ್ಲಿ ಪಾಡ್‌ಕಾಸ್ಟ್ ಕೇಳಿ ಇನ್ನೊಂದನ್ನು ಹಿಡಿದರು.

ನಾನು ರಜೆಗೆಂದು ಮೆಲ್ಬರ್ನಿನ ಹೊರವಲಯದ ಟಾರ್ನೀಟ್‌ನಲ್ಲಿರುವ ಅಕ್ಕನ ಮನೆಗೆ ಹೋದಾಗ, ಅಮೆರಿಕದ ಸಂಸತ್ತಿನಲ್ಲಿ ಬಜೆಟ್ ಪಾಸಾಗದೆ ಸರ್ಕಾರಿ ಕಚೇರಿಗಳು ಬಂದ್ ಆಗಿದ್ದವು. ಅಕ್ಕನ ಮಗಳು ಅಮೆರಿಕದಲ್ಲೇ ಗಿಡಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಎರಡು ವರ್ಷದಿಂದ ಸಾಕಿದ ಅವಳ ಸಸಿಗಳು ಸರ್ಕಾರಿ ಗಾಜಿನಮನೆಯ ಒಳಗೆ, ಅವಳು ಬೀಗದ ಹೊರಗೆ. ಒಣಗಿದರೆ ಎಲ್ಲ ಮೊದಲಿನಿಂದ ಶುರು. ವಿಡಿಯೊ ಕಾಲ್‌ನಲ್ಲಿ ಅವಳು ಅತ್ತೇಬಿಟ್ಟಳು. ಹಾಗಂತ ನಾಲಿಗೆ ಸುಮ್ಮನಿರಬೇಕಲ್ಲ!

“ಭಾವ, ಬಿಲ್ಲಿಗೆ ಅಡ್ಡಗಾಲು ಹಾಕ್ತಿರೋದು ನಿಮ್ಮೋರೇ.”

“ಯಾರನ್ನೂ ಒಂದು ಮಾತು ಕೇಳದೆ ಬಿಲ್ ತಂದಿದ್ದು ನಿಮ್ಮೋರು ಕಣಯ್ಯಾ!”

ಅಕ್ಕ ಕಾಫಿ ಫಿಲ್ಟರ್ ಎತ್ತಿ ಬೀರುವಿನೊಳಗಿಟ್ಟು ಬಾಗಿಲು ಹಾಕಿದಳು. “ಮಗಳು ಅಳ್ತಿದಾಳೆ, ನಿಮಗೆ ಪಾರ್ಟಿ ಒಂದು ಕೇಡು! ಒಬ್ರು ಇನ್ನೊಬ್ರ ಪಾರ್ಟಿ ಬಗ್ಗೆ ಒಂದು ಒಳ್ಳೆ ಮಾತು ಹೇಳೋವರೆಗೂ ಈ ಮನೇಲಿ ಕಾಫಿ ಇಲ್ಲ.”

ಎರಡು ದಿನ ಇಬ್ಬರೂ ಬಿಗಿದುಕೊಂಡು ಕೂತೆವು. ಮೂರನೆಯ ಬೆಳಿಗ್ಗೆ, ತಲೆನೋವು ತಡೆಯಲಾರದೆ, ಭಾವ ಬಾಯಿಬಿಟ್ಟರು. “ನಿಮ್ಮೋರು ಟೈ ಚೆನ್ನಾಗಿ ಕಟ್ಕೋತಾರೆ.”

“ಅದು ಲೆಕ್ಕಕ್ಕಿಲ್ಲ ರೀ,” ಎಂದಳು ಅಕ್ಕ.

ನಾನು ತಲೆ ಕೆರೆದುಕೊಂಡೆ. “ಹಿಂದೆ ರಸ್ತೆ, ಸೇತುವೆ ಬಿಲ್ ಬಂದಾಗ ಇವರ ಕಡೆಯ ಕೆಲವರು ನಮ್ಮ ಜೊತೆ ಓಟು ಹಾಕಿದ್ರು. ಅದು ದೊಡ್ಡ ಮಾತೇ.”

ಭಾವನ ಮುಖ ಸಡಿಲವಾಯಿತು. “ನಿಮ್ಮೋರೂ ಅವತ್ತು ನಮ್ಮೋರ ಮಾತಿಗೆ ಬೆಲೆ ಕೊಟ್ಟಿದ್ರು, ಬಿಡು.”

ಅರ್ಧರ್ಧ ಲೋಟ ಸಿಕ್ಕಿತು. ಆಹಾ, ಏನು ಕಾಫಿ ಅದು!

ಆ ವಾರದ ಕೊನೆಗೆ ಅಮೆರಿಕದಲ್ಲೂ ಕೆಲವರು ಪಕ್ಷದ ಮಾತು ಮೀರಿ ಓಟು ಹಾಕಿ ಬಿಲ್ ಪಾಸಾಯಿತು. ಮಗಳು ಗಾಜಿನಮನೆಯಿಂದಲೇ ವಿಡಿಯೊ ಕಾಲ್ ಮಾಡಿದಳು. ಬೆನ್ನ ಹಿಂದೆ ಹಸಿರೋ ಹಸಿರು.

“ಮಾಮಾ, ದೇ ಆರ್ ಆಲ್ ಅಲೈವ್! ಬಂದ್‌ನಲ್ಲೂ ಇಬ್ರು ವಾಚ್‌ಮನ್‌ಗಳಿಗೆ ಡ್ಯೂಟಿ ಇತ್ತಂತೆ. ಒಬ್ಬೊಬ್ರದು ಒಂದೊಂದು ಪಾರ್ಟಿ, ದಿನಾ ಜಗಳ, ಜಸ್ಟ್ ಲೈಕ್ ಯು ಟೂ. ಆದ್ರೆ ಒಬ್ರು ಬೆಳಿಗ್ಗೆ, ಇನ್ನೊಬ್ರು ಸಾಯಂಕಾಲ, ಒಂದಿನಾನೂ ತಪ್ಪದೆ ನೀರು ಹಾಕಿದಾರೆ.”

ನನಗೆ ಕಣ್ಣು ತುಂಬಿಬಂತು. ಭಾವ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಅಕ್ಕ ಎರಡು ತುಂಬಿದ ಲೋಟ ತಂದಿಟ್ಟಳು.

“ಬೆಳಿಗ್ಗೆ ಹಾಕಿದೋರು ಯಾವ ಪಾರ್ಟಿ...” ಎಂದು ನಾನು ಶುರುಮಾಡುವಷ್ಟರಲ್ಲಿ ಅವಳ ಕೈ ನನ್ನ ಲೋಟದ ಮೇಲಿತ್ತು.

ಬಾಯಿ ಮುಚ್ಚಿದೆ. ಕೈ ತೆಗೆದಳು. ಕುಡಿದೆ.